ಹಸಿ ಮೀನು ಕೊಯ್ಯುವ ಬಗೆ: ರಕ್ತ ತೆಗೆಯಿರಿ, ನೀರು ಕಡಿಮೆ ಮಾಡಿ

ಮೀನಿನ ಸಾರು ಕೆಟ್ಟರೆ ಎಲ್ಲರೂ ಮಸಾಲೆಯನ್ನೇ ಬೈಯುತ್ತಾರೆ. ಕೊತ್ತಂಬರಿ ಜಾಸ್ತಿ ಆಯ್ತು, ಹುಳಿ ಸಾಲಲಿಲ್ಲ, ಕಾಯಿ ಹಳೆಯದು. ಬಹಳ ಸಲ ಮಸಾಲೆಯದು ಏನೂ ತಪ್ಪಿರುವುದಿಲ್ಲ. ಬೆನ್ನುಮೂಳೆಗೆ ಅಂಟಿದ ರಕ್ತ ಹಾಗೇ ಉಳಿದಿರುತ್ತದೆ. ಕಿವಿರು ಪೂರ್ತಿ ತೆಗೆದಿರುವುದಿಲ್ಲ. ಇಲ್ಲವೇ ತುಂಡು ಮಾಡಿದ ಮೀನನ್ನು ಏಳೆಂಟು ನೀರಲ್ಲಿ ತೊಳೆದು ಸಪ್ಪೆ ಮಾಡಿರುತ್ತಾರೆ. ಕೆಡುವ ಭಾಗಗಳನ್ನು ಬೇಗ, ಪೂರ್ತಿಯಾಗಿ ತೆಗೆಯಬೇಕು. ಉಳಿದದ್ದನ್ನು ಅದರ ಪಾಡಿಗೆ ಬಿಡಬೇಕು. ಮೀನು ಕೊಯ್ಯುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಮಾರುಕಟ್ಟೆಯಲ್ಲಿ ಕೊಯ್ದು ಕೊಡುವವರು ಇದ್ದಾರೆ, ನಿಜ. ಆದರೆ ಕೈರಂಪಣಿ (ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆಯುವಲ್ಲಿಗೆ ಹೋಗಿ ಮೀನು ತಂದರೆ, ಗಾಳ ಹಾಕಿ ಹೊಳೆಯಲ್ಲಿ ಹಿಡಿದರೆ, ಊರ ಕೆರೆಯ ಮೀನಿನಲ್ಲಿ ಪಾಲು ಬಂದರೆ ಕತ್ತಿ ನೀವೇ ಹಿಡಿಯಬೇಕು. ಈ ಬರಹ ಅಂಥವರಿಗೆ.

ನೀರಿನಿಂದ ಮೇಲೆ ಬಂದ ಮೊದಲ ಗಂಟೆ

ಮೀನು ಸತ್ತ ಮೇಲೂ ಅದರ ಹೊಟ್ಟೆ ಕೆಲಸ ನಿಲ್ಲಿಸುವುದಿಲ್ಲ. ತಿಂದದ್ದನ್ನು ಅರಗಿಸುವ ರಸಗಳು ಆಮೇಲೆ ಮೀನಿನ ಹೊಟ್ಟೆಯ ಗೋಡೆಯನ್ನೇ ಅರಗಿಸಲು ಶುರು ಮಾಡುತ್ತವೆ. ಸಂಜೆ ಹೊತ್ತಿಗೆ ಬುಟ್ಟಿಯಲ್ಲಿ ಹೊಟ್ಟೆ ಒಡೆದ ಬೂತಾಯಿ (ಸಾರ್ಡೀನ್) ಕಾಣುತ್ತದಲ್ಲ, ಅದು ಇದೇ. ಹೊಟ್ಟೆ ತುಂಬ ಮೇವು ತಿಂದಿದ್ದ ಮೀನು ಇನ್ನೂ ಬೇಗ ಒಡೆಯುತ್ತದೆ.

ಗಾಳಕ್ಕೆ ಸಿಕ್ಕಿದ ದೊಡ್ಡ ಮೀನನ್ನು ಬಿಸಿಲಲ್ಲಿ ಒದ್ದಾಡಲು ಬಿಡಬೇಡಿ. ಅದಕ್ಕೂ ಹಿಂಸೆ, ಮಾಂಸವೂ ಕೆಡುತ್ತದೆ. ಕಣ್ಣಿನ ಮೇಲ್ಭಾಗದಲ್ಲಿ, ತಲೆಗೆ ಕೊರಡಿನಿಂದ ಒಂದು ಬಲವಾದ ಪೆಟ್ಟು ಕೊಡಿ. ಆಮೇಲೆ ಕಿವಿರಿನ ಬುಡದಲ್ಲಿ ಕತ್ತಿ ಆಡಿಸಿ, ತಲೆ ಕೆಳಗೆ ಮಾಡಿ ಕೆಲವು ನಿಮಿಷ ಹಿಡಿಯಿರಿ, ಅಥವಾ ಬಕೆಟ್ ನೀರಲ್ಲಿ ಇಡಿ. ರಕ್ತ ಇಳಿದು ಹೋದ ಮೀನಿನ ಮಾಂಸ ಬೆಳ್ಳಗಿರುತ್ತದೆ, ನಾತ ಕಡಿಮೆ. ಬೂತಾಯಿಯಂಥ ಸಣ್ಣ ಮೀನಿಗೆ ಇಷ್ಟೆಲ್ಲ ಬೇಕಿಲ್ಲ. ನೇರ ಐಸಿಗೆ ಹಾಕಿದರೆ ಸಾಕು.

ಐಸ್ ಎಷ್ಟು? ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಗಟ್ಟಿಗಿಂತ ಪುಡಿ ಮಾಡಿದ ಐಸ್ ಒಳ್ಳೆಯದು. ಅದು ಮೀನಿಗೆ ಎಲ್ಲ ಕಡೆಯಿಂದ ತಾಗುತ್ತದೆ. ಕೆಳಗೊಂದು ಪದರ ಐಸ್, ಮೇಲೆ ಮೀನು, ಮತ್ತೆ ಐಸ್. ಕರಗಿದ ನೀರು ಹೊರಗೆ ಹೋಗುವ ಹಾಗಿರಲಿ. ರಕ್ತ ಬೆರೆತ ನೀರಲ್ಲಿ ಮೀನು ನೆನೆಯಬಾರದು. ಐಸ್ ಸಿಗದಿದ್ದರೆ ನೆರಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿಡಿ, ಬೇಗ ಮನೆ ಸೇರಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬೈಕಿನ ಹ್ಯಾಂಡಲಿಗೆ ನೇತು ಹಾಕಿ, ದಾರಿಯಲ್ಲಿ ಚಾ ಕುಡಿಯಲು ನಿಲ್ಲುವವರನ್ನು ಏನೆನ್ನಬೇಕೋ ಗೊತ್ತಿಲ್ಲ.

ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ), ಅಂಜಲ್ (ಸೀರ್ ಫಿಶ್) ಮೀನುಗಳ ವಿಷಯದಲ್ಲಿ ಇದು ಬರೀ ರುಚಿಯ ಮಾತಲ್ಲ. ಇವುಗಳನ್ನು ತಂಪಿಲ್ಲದೆ ಇಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ತಿಂದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. "ನನಗೆ ಬಂಗುಡೆ ಆಗಿಬರಲ್ಲ" ಅಂತ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಆಗಿಬರದೆ ಇರುವುದು ಮೀನಲ್ಲ, ಅದನ್ನು ಇಟ್ಟ ರೀತಿ. ಕೆಟ್ಟ ಮೇಲೆ ಎಷ್ಟು ಕುದಿಸಿದರೂ, ಎಷ್ಟು ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ.

ಇನ್ನೊಂದು ಮಾತು. ಸತ್ತ ಕೆಲವು ಗಂಟೆಗಳಲ್ಲಿ ಮೀನು ಸೆಟೆದುಕೊಳ್ಳುತ್ತದೆ. ಆಗ ಅದನ್ನು ಬಲವಂತವಾಗಿ ನೇರ ಮಾಡಿ ಕೊಯ್ದರೆ ಮಾಂಸ ಸೀಳುತ್ತದೆ. ಹೊಟ್ಟೆ ಮತ್ತು ಕಿವಿರನ್ನು ಕೂಡಲೇ ತೆಗೆದುಬಿಡಿ. ದೊಡ್ಡ ಮೀನನ್ನು ತುಂಡು ಮಾಡುವ ಕೆಲಸ ಐಸಿನಲ್ಲಿಟ್ಟು ಸೆಡವು ಬಿಟ್ಟ ಮೇಲೆ ಮಾಡಿ.

ಬೇಕಾದ ಸಾಮಾನು

ಕರಾವಳಿಯ ಮನೆಗಳಲ್ಲಿ ಮೆಟ್ಟುಕತ್ತಿ ಇದ್ದೇ ಇರುತ್ತದೆ. ಮಣೆಯನ್ನು ಕಾಲಲ್ಲಿ ಒತ್ತಿ ಕೂರುವುದು, ಎದುರಿಗೆ ಅಲಗು ನಿಂತಿರುತ್ತದೆ. ಇಲ್ಲಿ ಕತ್ತಿ ಅಲುಗುವುದಿಲ್ಲ, ಮೀನನ್ನೇ ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತುತ್ತಾರೆ. ಕೈ ಜಾರದ ಹಾಗೆ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ. ಅಭ್ಯಾಸ ಇದ್ದವರಿಗೆ ಇದರಷ್ಟು ವೇಗದ ಸಾಧನ ಬೇರೆ ಇಲ್ಲ. ಅಭ್ಯಾಸ ಇಲ್ಲದವರು ಮೊದಲ ದಿನವೇ ಇದರ ಮೇಲೆ ಕೂರಬೇಡಿ. ಒಂದು ಹರಿತ ಚಾಕು, ಒಂದು ಗಟ್ಟಿ ಕತ್ತರಿ, ಜಾರದ ಹಲಗೆ ಸಾಕು. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ. ಮೊಂಡು ಚಾಕು ಹರಿತ ಚಾಕುವಿಗಿಂತ ಅಪಾಯ, ಏಕೆಂದರೆ ಅದನ್ನು ಒತ್ತಬೇಕಾಗುತ್ತದೆ, ಒತ್ತಿದಾಗಲೇ ಅದು ಜಾರುವುದು.

ಹುರುಪೆ ಕೆರೆಯಲು ಚಮಚದ ಅಂಚು ಅಥವಾ ಚಾಕುವಿನ ಬೆನ್ನು ಸಾಕು. ಸೋಡಾ ಬಾಟಲಿಯ ಮುಚ್ಚಳ ಎರಡನ್ನು ಮರದ ತುಂಡಿಗೆ ಮೊಳೆ ಹೊಡೆದು ಮಾಡಿಕೊಂಡರೆ ಇನ್ನೂ ಚೆನ್ನ. ಹಳೆಯ ಟೂತ್‌ಬ್ರಶ್ ಒಂದಿರಲಿ. ಕಲ್ಲುಪ್ಪು ಒಂದು ಹಿಡಿ. ಬೆಕ್ಕನ್ನು ಕರೆಯುವುದು ಬೇಕಿಲ್ಲ, ಅದು ಬಂದೇ ಬರುತ್ತದೆ.

ಬಂಗುಡೆಯಲ್ಲಿ ಕೈ ಪಳಗಿಸಿ

ಕಲಿಯಲು ಬಂಗುಡೆಗಿಂತ ಒಳ್ಳೆಯ ಮೀನಿಲ್ಲ. ಕೈಗೆ ಸರಿಯಾಗಿ ಹಿಡಿಯುವ ಗಾತ್ರ, ಹುರುಪೆ ಸಣ್ಣದು, ಮುಳ್ಳು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಮೊದಲು ಇಡೀ ಮೀನನ್ನು ಉಪ್ಪು ನೀರಲ್ಲಿ ತೊಳೆಯಿರಿ. ಮರಳು, ಲೋಳೆ ಈಗಲೇ ಹೋಗಲಿ. ಮೈ ಮುಚ್ಚಿರುವಾಗ ಎಷ್ಟು ಬೇಕಾದರೂ ತೊಳೆಯಬಹುದು.

ಕತ್ತರಿ ತೆಗೆದುಕೊಂಡು ರೆಕ್ಕೆಗಳನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಕತ್ತರಿಸಿ. ರೆಕ್ಕೆ ಹಿಂದಕ್ಕೆ ಮಲಗಿರುತ್ತದೆ, ಈ ದಿಕ್ಕಿನಲ್ಲಿ ಬಂದರೆ ಕತ್ತರಿಯ ಬಾಯಿ ಅದರಡಿಗೆ ತಾನಾಗಿ ಹೋಗುತ್ತದೆ. ಬಾಲದ ತುದಿಯನ್ನೂ ಕತ್ತರಿಸಿ. ಹುರುಪೆ ಕೆರೆಯುವುದೂ ಇದೇ ದಿಕ್ಕು: ಬಾಲ ಹಿಡಿದು ತಲೆಯ ಕಡೆಗೆ. ಅಡುಗೆಮನೆಯ ಗೋಡೆಗೆಲ್ಲ ಹಾರಬಾರದು ಎಂದರೆ ನೀರು ತುಂಬಿದ ಬೋಗುಣಿಯ ಒಳಗೆ ಕೆರೆಯಿರಿ. ಹೊಟ್ಟೆಯ ಅಡಿ ಮತ್ತು ತಲೆಯ ಹಿಂಭಾಗ ಮರೆಯಬೇಡಿ, ಹುರುಪೆ ಉಳಿಯುವುದು ಅಲ್ಲೇ. ಕೆರೆದ ಮೇಲೆ ಬೆರಳನ್ನು ಎದುರು ದಿಕ್ಕಿಗೆ ಆಡಿಸಿ ನೋಡಿ, ಒರಟು ಸಿಕ್ಕಿದರೆ ಇನ್ನೂ ಇದೆ ಎಂದರ್ಥ.

ಈಗ ಕಿವಿರು. ಕಿವಿಯ ಮುಚ್ಚಳ ಎತ್ತಿ. ಒಳಗೆ ಕಡುಗೆಂಪು ಬಣ್ಣದ, ಬಾಚಣಿಗೆಯಂಥ ಪದರಗಳು ಕಾಣುತ್ತವೆ. ಬಂಗುಡೆಯಲ್ಲಿ ಇದರ ಜೊತೆಗೆ ಉದ್ದುದ್ದ ಗರಿಗಳೂ ಇರುತ್ತವೆ. ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ಅದು ಸೋಸಿ ತಿನ್ನುವುದು ಇವುಗಳಿಂದಲೇ. ಆ ಪದರಗಳ ಬುಡ ಎರಡು ಕಡೆ ಅಂಟಿರುತ್ತದೆ: ಮೇಲೆ ತಲೆಬುರುಡೆಗೆ, ಕೆಳಗೆ ಗಂಟಲಿಗೆ. ಎರಡೂ ಕಡೆ ಕತ್ತರಿಯಿಂದ ಬಿಡಿಸಿ ಬೆರಳು ಹಾಕಿ ಎಳೆಯಿರಿ. ಸರಿಯಾಗಿ ಎಳೆದರೆ ಕರುಳೂ ಸ್ವಲ್ಪ ಹಿಂದೆಯೇ ಬರುತ್ತದೆ. ತಲೆ ಬೇಡದಿದ್ದರೆ ಇಷ್ಟು ಕಷ್ಟ ಬೇಡ, ತಲೆ ಕತ್ತರಿಸಿದರೆ ಆಯಿತು. ಆದರೆ ಸಾರಿಗೆ ತಲೆ ಬೇಕು. ಕಿವಿರಿರುವ ತಲೆ ಹಾಕಿದರೆ ಸಾರು ಕಹಿ.

ಹೊಟ್ಟೆ ಸೀಳುವಾಗ ಅವಸರ ಬೇಡ. ಬಾಲದ ಕಡೆ ಇರುವ ಸಣ್ಣ ರಂಧ್ರದಿಂದ ಶುರು ಮಾಡಿ ಗಂಟಲವರೆಗೆ ಬನ್ನಿ. ಚಾಕುವಿನ ತುದಿ ಮಾತ್ರ ಒಳಗೆ ಹೋಗಲಿ, ಅಲಗು ಹೊರಗೆ ನೋಡುತ್ತಿರಲಿ. ಆಳಕ್ಕೆ ಚುಚ್ಚಿದರೆ ಕರುಳು ಹರಿಯುತ್ತದೆ, ಜೊತೆಗೆ ಪಿತ್ತದ ಚೀಲವೂ ಒಡೆಯುತ್ತದೆ. ಯಕೃತ್ತಿಗೆ ಅಂಟಿಕೊಂಡು ಹಸಿರಾಗಿರುವ ಸಣ್ಣ ಚೀಲ ಅದು. ಒಡೆದರೆ ಕೂಡಲೇ ಆ ಜಾಗಕ್ಕೆ ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯಿರಿ. ಹಸಿರು ಹತ್ತಿದ ಮಾಂಸವನ್ನು ಕೊಯ್ದು ಎಸೆಯಿರಿ, ಅದರ ಕಹಿ ಮಸಾಲೆಗೆ ಬಗ್ಗುವುದಿಲ್ಲ.

ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ಬೇರೆ ತೆಗೆದಿಡಿ. ಸ್ವಲ್ಪ ಉಪ್ಪು, ಅರಿಶಿನ, ಖಾರ ಹಚ್ಚಿ ಸಣ್ಣ ಉರಿಯಲ್ಲಿ ಹುರಿದರೆ ಊಟಕ್ಕೆ ಮೊದಲೇ ಖಾಲಿ. ಹುರಿಯುವ ಮೊದಲು ಪಿನ್ನಿನಿಂದ ಎರಡು ಕಡೆ ಚುಚ್ಚಿ, ಇಲ್ಲದಿದ್ದರೆ ಸಿಡಿಯುತ್ತದೆ.

ಜನ ಸುಮ್ನೆ ಬಿಟ್ಟುಬಿಡುವ ಕೆಲಸ ಮುಂದಿನದು. ಖಾಲಿ ಹೊಟ್ಟೆಯೊಳಗೆ ನೋಡಿ. ಬೆನ್ನುಮೂಳೆಯ ಉದ್ದಕ್ಕೂ ಕಪ್ಪು ಕೆಂಪಿನ ಒಂದು ಗೆರೆ ಇದೆ, ಅದರ ಮೇಲೆ ತೆಳುವಾದ ಪೊರೆ. ಹೆಚ್ಚಿನವರು ಅದನ್ನು ಹೆಪ್ಪುಗಟ್ಟಿದ ರಕ್ತ ಅಂದುಕೊಳ್ಳುತ್ತಾರೆ. ಅದು ಮೀನಿನ ಮೂತ್ರಪಿಂಡ, ರಕ್ತದಿಂದ ತುಂಬಿರುತ್ತದೆ. ಮೀನು ವಾಸನೆ ಅಂತ ನಾವು ಮೂಗು ಮುರಿಯುವುದರಲ್ಲಿ ದೊಡ್ಡ ಪಾಲು ಇದರದ್ದು. ಹೆಬ್ಬೆರಳಿನ ಉಗುರಿನಿಂದ ಪೊರೆಯನ್ನು ಉದ್ದಕ್ಕೆ ಗೀರಿ, ಟೂತ್‌ಬ್ರಶ್ ಹಾಕಿ ಸಣ್ಣ ನೀರಿನಡಿ ಉಜ್ಜಿ. ಬಿಳಿ ಮೂಳೆ ಕಾಣುವವರೆಗೆ ಬಿಡಬೇಡಿ. ಹೊಟ್ಟೆಯ ಗೋಡೆಗೆ ಕಪ್ಪು ಪೊರೆ ಇದ್ದರೆ ಕಲ್ಲುಪ್ಪು ಹಾಕಿ ಬೆರಳಲ್ಲಿ ತಿಕ್ಕಿ, ಎದ್ದು ಬರುತ್ತದೆ.

ಆಮೇಲೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ತಣ್ಣೀರಲ್ಲಿ ತೊಳೆದು ತೂತಿನ ಪಾತ್ರೆಯಲ್ಲಿ ಬಸಿಯಲು ಇಡಿ. ಹುರಿಯುವುದಾದರೆ ಎರಡೂ ಮಗ್ಗುಲಿಗೆ ಓರೆಯಾಗಿ ಮೂರು ಗೀರು ಹಾಕಿ, ಮೂಳೆ ತಾಗಿದ ತಕ್ಷಣ ನಿಲ್ಲಿಸಿ.

ಬೇರೆ ಮೀನಿಗೆ ಬೇರೆ ಕೈ

ಬೂತಾಯಿ ಮಂಗಳೂರಿನವರಿಗೆ, ಕುಂದಾಪುರದಲ್ಲಿ ಅದು ಬೈಗೆ, ಕಾರವಾರದಲ್ಲಿ ತಾರ್ಲೆ. ಹೆಸರು ಏನೇ ಇರಲಿ, ಅದಕ್ಕೆ ಕತ್ತಿಯ ಕೆಲಸ ಕಡಿಮೆ. ಹುರುಪೆ ಹೆಬ್ಬೆರಳಿನಿಂದ ಒತ್ತಿದರೆ ನೀರಲ್ಲೇ ಬಿಡುತ್ತದೆ. ತಲೆಯನ್ನು ಕತ್ತಿನ ಕಡೆಯಿಂದ ಮುಕ್ಕಾಲು ಕೊಯ್ದು, ಉಳಿದದ್ದನ್ನು ಹೊಟ್ಟೆಯ ಕಡೆಗೆ ಮುರಿದು ಎಳೆದರೆ ಕರುಳು ತಲೆಯ ಜೊತೆಗೇ ಬರುತ್ತದೆ. ಹೊಟ್ಟೆಯಡಿಯ ಗರಗಸದಂಥ ಅಂಚನ್ನು ಕತ್ತರಿಯಲ್ಲಿ ಒಂದೇ ಸಲ ತೆಗೆದುಬಿಡಿ.

ಕಾಣೆ ಮೃದು ಮೀನು. ಚಾಕುವಿನ ಬೆನ್ನಿನಿಂದ ಹಗುರವಾಗಿ ಕೆರೆಯಿರಿ, ಹೊಟ್ಟೆಗೆ ಸಣ್ಣ ಸೀಳು ಸಾಕು. ಅದನ್ನು ಇಡಿಯಾಗಿ ಹುರಿಯುವುದೇ ಚಂದ, ತಲೆ ಇದ್ದರೆ ಮುರಿಯದೆ ನಿಲ್ಲುತ್ತದೆ.

ನಾಲಿಗೆಯಂತೆ ಚಪ್ಪಟೆಯಾದ ನಂಗು ಮೀನಿಗೆ ಕೆರೆಯುವ ಕೆಲಸ ಬೇಡ, ಚರ್ಮ ಸುಲಿಯಬೇಕು. ತಲೆಯ ಹತ್ತಿರ ಅಡ್ಡ ಗೀರು ಹಾಕಿ, ಉಗುರಿನಿಂದ ಚರ್ಮದ ಅಂಚನ್ನು ಎಬ್ಬಿಸಿ. ಕೈಗೆ ಉಪ್ಪು ಹಚ್ಚಿಕೊಂಡು ಆ ಅಂಚನ್ನು ಬಿಗಿಯಾಗಿ ಹಿಡಿದು ಬಾಲದ ಕಡೆಗೆ ಎಳೆದರೆ ಇಡೀ ಹಾಳೆ ಬರುತ್ತದೆ. ಮೊದಲ ಸಲ ಬಂದಾಗ ಮಕ್ಕಳಷ್ಟೇ ಖುಷಿ ದೊಡ್ಡವರಿಗೂ ಆಗುತ್ತದೆ.

ಅಂಜಲ್, ಅಂದರೆ ಕಾರವಾರದ ಇಸವಾಣ, ಅಡ್ಡ ಹೋಳಿಗೆ ಹೇಳಿ ಮಾಡಿಸಿದ ಮೀನು. ಅರ್ಧ ತಾಸು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಕೊಯ್ದರೆ ಹೋಳು ನೇರ ಬರುತ್ತದೆ. ಹುರಿಯಲು ಬೆರಳು ದಪ್ಪ, ಅದಕ್ಕಿಂತ ತೆಳುವಾದರೆ ಒಣಗುತ್ತದೆ. ಮೂಳೆ ಬಂದಾಗ ಗರಗಸದಂತೆ ಆಡಿಸದೆ ಚಾಕುವಿನ ಬೆನ್ನಿಗೆ ಒಂದು ಪೆಟ್ಟು ಕೊಡಿ. ತಲೆಯನ್ನು ಉದ್ದಕ್ಕೆ ಎರಡು ಮಾಡಿ ಸಾರಿಗೆ, ಬಾಲದ ತುಂಡೂ ಸಾರಿಗೆ.

ತೊರಕೆ (ಚಾಟಿಯಂಥ ಬಾಲದ ಚಪ್ಪಟೆ ಮೀನು, ಸ್ಟಿಂಗ್‌ರೇ) ಸಿಕ್ಕಿದರೆ ಮೊದಲು ಬಾಲದ ಮುಳ್ಳನ್ನು ನೋಡಿ. ಸತ್ತ ತೊರಕೆಯ ಮುಳ್ಳೂ ವಿಷವೇ. ಅದನ್ನು ಬುಡಸಮೇತ ಕತ್ತರಿಸಿ ಪೇಪರಿನಲ್ಲಿ ಸುತ್ತಿ ಬೇರೆ ಇಡಿ. ಈ ಮೀನಿನ ಮೈಯಲ್ಲಿ ಯೂರಿಯಾ ಇರುತ್ತದೆ, ಹೊತ್ತು ಹೋದಂತೆ ಅದು ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಹಾಗಾಗಿ ತೊರಕೆಯನ್ನು ಹಿಡಿದ ದಿನವೇ ರಕ್ತ ಇಳಿಸಿ ಕೊಯ್ಯಬೇಕು, ನಾಳೆಗೆ ಇಡಬಾರದು.

ಮೈ ಉಬ್ಬಿಸಿಕೊಂಡು ಚೆಂಡಾಗುವ ಪಫರ್ ಮೀನು ಬಲೆಗೋ ಗಾಳಕ್ಕೋ ಬಂದರೆ ಕೊಯ್ಯುವ ಯೋಚನೆಯೇ ಬೇಡ. ಅದರಲ್ಲಿರುವ ಟೆಟ್ರೊಡೊಟಾಕ್ಸಿನ್ ಬೇಯಿಸಿದರೂ ಹೋಗದ ವಿಷ, ಜೀವಕ್ಕೇ ಅಪಾಯ.

ಕೆರೆ, ಹೊಳೆಯ ಮೀನು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ನಾಡದೋಣಿಯ ಮೀನು ಬಿಟ್ಟರೆ ಸಿಗುವುದು ಹೊಳೆ ಮೀನು, ಕೆರೆ ಮೀನು. ಮಲೆನಾಡಿನಲ್ಲಿ ಮೊದಲ ಮಳೆಗೆ ‘ಹತ್ತುಮೀನು’, ಅಂದರೆ ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು, ಗದ್ದೆಗೆ ಏರಿ ಬರುವುದೂ ಆಗಲೇ. ಅವು ಏರುವುದು ಮೊಟ್ಟೆ ಇಡಲು. ಹೊಟ್ಟೆ ಉಬ್ಬಿದವನ್ನು ಬಿಟ್ಟುಬಿಡಿ ಎಂಬುದು ನನ್ನ ಮಾತು, ಹಿರಿಯರಲ್ಲೂ ಹಾಗೆ ಮಾಡುವವರು ಇದ್ದರು.

ರೋಹು, ಕಾಟ್ಲಾ ಮೀನಿನ ಹುರುಪೆ ದೊಡ್ಡದು, ಗಟ್ಟಿ. ಅಂಗಳದಲ್ಲಿ ಕೆರೆಯುವುದು ಒಳ್ಳೆಯದು. ಇವುಗಳ ಗಂಟಲಿನ ಒಳಗೆ, ಕಿವಿರಿನ ಹಿಂದೆ ಹಲ್ಲುಗಳಿರುತ್ತವೆ. ತಲೆ ಬಳಸುವುದಾದರೆ ಆ ಗಂಟಲಿನ ಭಾಗವನ್ನು ಪೂರ್ತಿ ತೆಗೆಯಿರಿ, ಮೇವಿನ ಜೊತೆ ತಿಂದ ಕೆಸರು ಅಲ್ಲಿ ಸಿಕ್ಕಿಕೊಂಡಿರುತ್ತದೆ. ಮಾಂಸದೊಳಗೆ ಕವೆಯಂಥ ಸಣ್ಣ ಮುಳ್ಳುಗಳು ಇರುವುದರಿಂದ ಹುರಿಯುವ ಹೋಳುಗಳಿಗೆ ಹತ್ತಿರ ಹತ್ತಿರ ಗೀರು ಹಾಕಿ. ಮುಳ್ಳು ತುಂಡಾಗಿ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ.

ಈ ಜಾತಿಯ ಮೀನಿನ ಪಿತ್ತವನ್ನು ಔಷಧಿ ಅಂತ ಹಸಿಯಾಗಿ ನುಂಗುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ರೋಹು, ಕಾಟ್ಲಾ ಪಿತ್ತ ನುಂಗಿ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಹೋದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ.

ಮುಗುಡು, ಕೊರವ, ಹಾವುಮೀನು ಹಿಡಿದರೆ ಕೈಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಬೂದಿಯೇ ಮದ್ದು. ಸೌದೆ ಒಲೆಯ ಬೂದಿಯನ್ನು ಮೈಗೆಲ್ಲ ಹಚ್ಚಿ ಒರಟು ಕಲ್ಲಿನ ಮೇಲೆ ಉಜ್ಜಿದರೆ ಲೋಳೆ ಬೂದಿಯ ಜೊತೆ ಎದ್ದು ಬರುತ್ತದೆ. ಬೂದಿ ಇಲ್ಲದ ಪಟ್ಟಣದವರು ಕಲ್ಲುಪ್ಪು ಮತ್ತು ಅಕ್ಕಿ ಹಿಟ್ಟು ಸೇರಿಸಿ ಉಜ್ಜಿ. ಬಿಸಿನೀರನ್ನು ಒಂದು ಕ್ಷಣ ಸುರಿದರೆ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತದೆ, ಚಾಕುವಿನಿಂದ ಕೆರೆಯಬಹುದು. ಜಾಸ್ತಿ ಹೊತ್ತು ಸುರಿದರೆ ಚರ್ಮ ಬೆಂದು ಕಿತ್ತು ಬರುತ್ತದೆ.

ಮುಗುಡು, ಚೇಳುಮೀನು, ಕಡಲಿನ ತೇಡೆ ಇವುಗಳ ಕಿವಿಯ ಪಕ್ಕದ ಮುಳ್ಳನ್ನು ಮೊದಲು ಇಕ್ಕಳದಲ್ಲಿ ಮುರಿಯಿರಿ. ಬೆನ್ನ ಮೇಲೆ ಮುಳ್ಳಿದ್ದರೆ ಅದನ್ನೂ ಬಿಡಬೇಡಿ. ಚುಚ್ಚಿದರೆ ಕೈಯನ್ನು ತಡೆಯುವಷ್ಟು ಬಿಸಿಯಾದ ನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ಬಿಸಿಗೆ ಆ ವಿಷದ ಬಲ ಕುಗ್ಗುತ್ತದೆ, ನೋವು ಇಳಿಯುತ್ತದೆ. ತೊರಕೆ ಮುಳ್ಳಿಗೂ ಇದೇ ಪ್ರಥಮ ಚಿಕಿತ್ಸೆ. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ ಡಾಕ್ಟರ ಬಳಿ ಹೋಗಿ.

ಕೆರೆ ಮೀನಿಗೆ ಕೆಸರು ವಾಸನೆ ಎಂದು ಕೆಲವರು ತಿನ್ನುವುದೇ ಇಲ್ಲ. ಅದು ನೀರಿನ ಪಾಚಿ, ಸೂಕ್ಷ್ಮಜೀವಿಗಳಿಂದ ಬರುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ, ಮಳೆ ಬಿದ್ದ ಮಣ್ಣಿನ ಪರಿಮಳವೂ ಅದರದ್ದೇ. ಹುಳಿಗೆ ಇದು ಬಗ್ಗುತ್ತದೆ. ಹುಣಸೆ ನೀರು ಅಥವಾ ಮಜ್ಜಿಗೆಗೆ ಉಪ್ಪು, ಅರಿಶಿನ ಹಾಕಿ ಹೋಳುಗಳನ್ನು ಕಾಲು ಗಂಟೆ ಇಟ್ಟು ತೆಗೆಯಿರಿ. ಚರ್ಮದಡಿಯ ಕಂದು ಮಾಂಸ ಮತ್ತು ಹೊಟ್ಟೆಯ ಕೊಬ್ಬನ್ನು ಕೊಯ್ದು ತೆಗೆದರೆ ಇನ್ನೂ ಒಳ್ಳೆಯದು.

ತೊಳೆಯುವುದು, ಉಪ್ಪು ಹಚ್ಚುವುದು

ಹೋಳು ಮಾಡಿದ ಮೇಲೆ ನೀರಲ್ಲಿ ನೆನೆಹಾಕಬೇಡಿ. ಸಿಹಿನೀರು ಮಾಂಸಕ್ಕೆ ಇಳಿಯುತ್ತದೆ, ರುಚಿ ನೀರಿಗೆ ಇಳಿಯುತ್ತದೆ. ಆಮೇಲೆ ಬಾಣಲೆಗೆ ಹಾಕಿದಾಗ ಅದೇ ನೀರು ಬಿಟ್ಟು ಮೀನು ಹುರಿಯುವ ಬದಲು ಬೇಯುತ್ತದೆ. ಬಸಿದ ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಪ್ಪು, ಅರಿಶಿನ ಹಚ್ಚಿ 15 ನಿಮಿಷ ಇಡಿ. ಬಿಟ್ಟ ನೀರನ್ನು ಚೆಲ್ಲಿ ಆಮೇಲೆ ಮಸಾಲೆ ಹಚ್ಚಿ. ನಿಂಬೆರಸ ಹಾಕುವುದಾದರೆ ಹುರಿಯುವ ಸ್ವಲ್ಪ ಮೊದಲು. ಗಂಟೆಗಟ್ಟಲೆ ಇಟ್ಟರೆ ಹುಳಿಗೇ ಮಾಂಸ ಬೆಂದ ಹಾಗಾಗಿ ಪುಡಿಪುಡಿ ಆಗುತ್ತದೆ.

ಇವತ್ತೇ ಮಾಡುವುದಿಲ್ಲವೇ? ಹೊಟ್ಟೆ ತೆಗೆದು, ಒರೆಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನ ತಣ್ಣನೆಯ ಜಾಗದಲ್ಲಿಟ್ಟರೆ ಒಂದೆರಡು ದಿನ. ಅದಕ್ಕಿಂತ ಹೆಚ್ಚು ಬೇಕಾದರೆ ಒಂದು ಊಟಕ್ಕೆ ಆಗುವಷ್ಟನ್ನು ಚಪ್ಪಟೆಯಾಗಿ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿಡಿ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನು ಎರಡು ಮೂರು ತಿಂಗಳಲ್ಲಿ ಮುಗಿಸಿ, ಆಮೇಲೆ ಅದರ ಎಣ್ಣೆ ಕಮಟುತ್ತದೆ. ಕಾಣೆಯಂಥ ಬಿಳಿ ಮೀನು ಇನ್ನೂ ಸ್ವಲ್ಪ ತಡೆಯುತ್ತದೆ. ಐಸ್ ಬಿಡಿಸಲು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಹಂತಕ್ಕೆ ಇಳಿಸಿ. ಬಿಡಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ.

ಉಳಿದ ಗಲೀಜು

ತಲೆ, ಕರುಳು, ಹುರುಪೆಯನ್ನು ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಕಡೆ ರೂಢಿ. ಮೊಣಕೈ ಆಳದ ಗುಂಡಿ ತೋಡಿ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಹೂಳದೆ ನೆಲದ ಮೇಲೇ ಹಾಕಿದರೆ ರಾತ್ರಿ ನಾಯಿಗಳು ಇಡೀ ಅಂಗಳಕ್ಕೆ ಹಂಚುತ್ತವೆ. ತೋಟ ಇರುವವರು ಅಷ್ಟೇ ತೂಕದ ಬೆಲ್ಲ ಸೇರಿಸಿ, ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಕೊಳೆಸಿ, ಸೋಸಿದ ದ್ರಾವಣವನ್ನು ತುಂಬ ನೀರು ಬೆರೆಸಿ ಗಿಡಗಳಿಗೆ ಸಿಂಪಡಿಸುತ್ತಾರೆ. ಫ್ಲ್ಯಾಟಿನಲ್ಲಿರುವವರು ಗಲೀಜನ್ನು ಕವರಿಗೆ ಕಟ್ಟಿ ಕಸದ ಗಾಡಿ ಬರುವವರೆಗೆ ಫ್ರೀಜರಿನಲ್ಲಿಡಿ, ಮನೆ ನಾರುವುದಿಲ್ಲ.

ಕೈಗೆ ಕೊಯ್ಯುವ ಮೊದಲೇ ಸ್ವಲ್ಪ ತೆಂಗಿನೆಣ್ಣೆ ಹಚ್ಚಿದ್ದರೆ ವಾಸನೆ ಅಷ್ಟು ಹಿಡಿಯುವುದಿಲ್ಲ, ಆದರೆ ಅಂಗೈ ಜಾರುತ್ತದೆ, ಬೆರಳ ಹಿಂಭಾಗಕ್ಕೆ ಮಾತ್ರ ಹಚ್ಚಿ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಲ್ಲಿ ತೊಳೆದು, ಹಿಂಡಿದ ನಿಂಬೆಸಿಪ್ಪೆ ಮತ್ತು ಉಪ್ಪಿನಿಂದ ತಿಕ್ಕಿ, ಕೊನೆಗೆ ಸೋಪು. ಹಲಗೆಗೂ ಹಾಗೆಯೇ, ಅದನ್ನು ಬಿಸಿಲಿಗೆ ನಿಲ್ಲಿಸಿ. ಮೆಟ್ಟುಕತ್ತಿ ಕಬ್ಬಿಣದ್ದಾದರೆ ಕೂಡಲೇ ಒರೆಸಿ ಎಣ್ಣೆ ಸವರಿ, ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ, ಮಕ್ಕಳ ಕೈಗೆ ಸಿಗದಲ್ಲಿ ಇಡಿ.